ಹಸಿ ಸೌದೆ ನಿಜಕ್ಕೂ ಹೆಚ್ಚು ಬಾಳಿಕೆ ಬರುತ್ತದೆಯೇ?

ಒಣ ಸೌದೆ ಬೇಗ ಉರಿದು ಬೂದಿಯಾಗುತ್ತದೆ, ಸ್ವಲ್ಪ ಹಸಿ ಇದ್ದರೆ ನಿಧಾನವಾಗಿ ಉರಿದು ಬಾಳಿಕೆ ಬರುತ್ತದೆ ಎಂದು ಹೇಳುವವರಿದ್ದಾರೆ. ನಿಧಾನವಾಗಿ ಉರಿಯುತ್ತದೆ ಎಂಬುದೇನೋ ನಿಜ. ಆದರೆ ಒಂದು ಹಂಡೆ ನೀರು ಕಾಯಿಸಲು ಎಷ್ಟು ಸೌದೆ ಹೋಯಿತು ಎಂದು ಅಳೆದು ನೋಡಿದರೆ ಹಸಿ ಸೌದೆಯೇ ದುಬಾರಿ.

ಏಕೆಂದು ತಿಳಿಯಲು ಸೌದೆ ಹೇಗೆ ಉರಿಯುತ್ತದೆ ಎಂಬುದನ್ನು ನೋಡಬೇಕು. ಬೆಂಕಿ ತಗುಲಿದ ಕಟ್ಟಿಗೆಯಿಂದ ಮೊದಲು ನೀರು ಆವಿಯಾಗಿ ಹೋಗುತ್ತದೆ. ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಟ್ಟಿಗೆ ಅನಿಲಗಳನ್ನು ಬಿಡತೊಡಗುತ್ತದೆ. ಒಣ ಕಟ್ಟಿಗೆಯ ತೂಕದ ಸುಮಾರು ಮುಕ್ಕಾಲು ಭಾಗ ಹೀಗೆ ಅನಿಲವಾಗಿಯೇ ಹೊರಬರುತ್ತದೆ, ಉಳಿಯುವುದು ಇದ್ದಿಲು. ನಮಗೆ ಕಾಣುವ ಜ್ವಾಲೆ ಎಂದರೆ ಈ ಅನಿಲ ಉರಿಯುವುದು. ಅದು ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಬಿಸಿಯೂ ಸಾಕಷ್ಟು ಗಾಳಿಯೂ ಬೇಕು. ಎರಡರಲ್ಲಿ ಯಾವುದು ಕಡಿಮೆಯಾದರೂ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ.

ಅಂದರೆ ಹೊಗೆ ಎಂಬುದು ನೀವು ಕಡಿದು, ಹೊತ್ತು ತಂದು, ಉರಿಸದೆ ಬಿಟ್ಟ ಸೌದೆ. ನಂಬಿಕೆ ಬಾರದಿದ್ದರೆ ಮೇಣದಬತ್ತಿಯೊಂದನ್ನು ಊದಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯ ಜಾಡಿನಲ್ಲೇ ಇಳಿದು ಬತ್ತಿಗೆ ಹತ್ತಿಕೊಳ್ಳುತ್ತದೆ. ಊದುಕೊಳವೆಯಿಂದ ಊದಿದಾಗ ಹೊಗೆ ತುಂಬಿದ ಒಲೆ ಭಗ್ಗನೆ ಹೊತ್ತಿಕೊಳ್ಳುವುದೂ ಇದೇ ಕಾರಣಕ್ಕೆ.

ಈಗ ಸ್ವಲ್ಪ ಲೆಕ್ಕ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಪೂರ್ತಿ ಒಣಗಿದ ಒಂದು ಕೆ.ಜಿ. ಕಟ್ಟಿಗೆಯಲ್ಲಿ ಸುಮಾರು 4,400 ಕಿಲೋಕ್ಯಾಲರಿ ಶಾಖವಿದೆ ಎಂದುಕೊಂಡರೆ, ಒಂದು ಕೆ.ಜಿ. ಹಸಿ ಸೌದೆಯಲ್ಲಿ ಇರುವುದು 2,200 ಮಾತ್ರ. ಅದರಲ್ಲೂ ಸುಮಾರು 300 ಕಿಲೋಕ್ಯಾಲರಿ ಒಳಗಿನ ಅರ್ಧ ಲೀಟರ್ ನೀರನ್ನು ಆವಿ ಮಾಡಲು ಹೋಗುತ್ತದೆ. ನಷ್ಟ ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಆ ಆವಿ ಒಲೆಯನ್ನೇ ತಣ್ಣಗೆ ಮಾಡುತ್ತದೆ, ಬಿಸಿ 600ಕ್ಕೆ ಏರುವುದೇ ಇಲ್ಲ, ಉಳಿದ ಶಾಖದ ದೊಡ್ಡ ಪಾಲು ಹೊಗೆಯ ಜೊತೆ ಚಿಮಣಿ ಹತ್ತುತ್ತದೆ. ದೊಡ್ಡ ನಷ್ಟ ಇದು. ಅದೇ ಹೊಗೆ ತಣ್ಣಗಿನ ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡಲು ಕಬ್ಬಿಣದ ಒಲೆ ಉರಿಸುವವರ ಚಿಮಣಿಗೇ ಬೆಂಕಿ ಹತ್ತುವುದು ಈ ಅಂಟಿನಿಂದ. ರಾತ್ರಿಯಿಡೀ ಉರಿಯಲಿ ಎಂದು ಗಾಳಿಯ ಕಿಂಡಿ ಮುಚ್ಚಿಡುವ ಅಭ್ಯಾಸ ಅದನ್ನು ಇನ್ನಷ್ಟು ಬೆಳೆಸುತ್ತದೆ.

ಹಾಗಾದರೆ ಸೌದೆ ಎಷ್ಟು ಒಣಗಿರಬೇಕು? ನೀರಿನಂಶ ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಸಾಕು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಠಣ್ ಎನ್ನಬೇಕು. ಹಸಿ ಇದ್ದರೆ ಸದ್ದು ಮಂಕಾಗಿರುತ್ತದೆ. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಆ ಜಾಗದಲ್ಲಿ ಎಷ್ಟು ಒಣಗಬಹುದೋ ಅಷ್ಟು ಒಣಗಿದೆ ಎಂದರ್ಥ. ದಿಮ್ಮಿಯನ್ನು ಹಾಗೇ ಇಟ್ಟರೆ ತೊಗಟೆ ನೀರನ್ನು ಬಿಡುವುದಿಲ್ಲ, ಸೀಳಿಯೇ ಒಣಗಿಸಬೇಕು. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟಿ, ಮೇಲೆ ಮಾತ್ರ ಮರೆ ಮಾಡಿ, ಪಕ್ಕಗಳಲ್ಲಿ ಗಾಳಿ ಆಡಲು ಬಿಡಿ. ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆಯೇ ಕೊಟ್ಟಿಗೆಗೆ ಸೌದೆ ತುಂಬಿಸುವುದು ಸುಮ್ಮನೆ ಅಲ್ಲ.

ಸೌದೆ ಒಣಗಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಣ ಸೌದೆಯನ್ನು ಒಲೆಯ ಬಾಯಿ ತುಂಬ ತುರುಕಿದರೆ ಅನಿಲ ಬಹಳ ಬೇಗ ಹೊರಬಂದು, ಗಾಳಿ ಸಾಲದೆ ಕಪ್ಪು ಹೊಗೆಯಾಗುತ್ತದೆ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪದ ಸೀಳುಗಳನ್ನು ಎರಡು ಮೂರರಂತೆ, ನಡುವೆ ಸಂದು ಬಿಟ್ಟು ಇಡಿ. ತುದಿ ಉರಿದಂತೆಲ್ಲ ಕೊಳ್ಳಿಯನ್ನು ಮುಂದಕ್ಕೆ ತಳ್ಳುತ್ತಾ ಹೋಗಿ. ಕೆಳಗೆ ಕಬ್ಬಿಣದ ಜಾಲರಿ ಇದ್ದರೆ ಬೂದಿ ಅದನ್ನು ಮುಚ್ಚದಂತೆ ನೋಡಿಕೊಳ್ಳಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ 1980ರ ದಶಕದಲ್ಲಿ ಹಳ್ಳಿಗಳಿಗೆ ತಂದ ‘ಅಸ್ತ್ರ ಒಲೆ’ ಇದೇ ತತ್ವದ ಮೇಲೆ ನಿಂತಿತ್ತು. ಮುಚ್ಚಿದ ಬೆಂಕಿಗೂಡು, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ. ಒಳ್ಳೆಯ ಒಲೆಯೇ. ಆದರೆ ಅಂಥ ಒಲೆಗೂ ಹಸಿ ಸೌದೆ ಹಾಕಿದರೆ ಹೊಗೆ ತಪ್ಪಿದ್ದಲ್ಲ.

ಇದು ಬರೀ ಸೌದೆ ಉಳಿಸುವ ಮಾತಲ್ಲ. ಅಡುಗೆ ಇಂಧನಗಳಿಂದ ಮನೆಯೊಳಗೆ ಉಂಟಾಗುವ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಣ ಸೌದೆಯಿಂದ ಹೊಗೆ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಚಿಮಣಿಯೋ ತೆರೆದ ಕಿಟಕಿಯೋ ಬೇಕೇ ಬೇಕು.

ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ನಿಗಿನಿಗಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಹಾಕಿದ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ಒಲೆಯ ಬಾಯಿ ಒಳಗೇ ಇರುವ ಬಚ್ಚಲಿನಲ್ಲಿ ಎಲ್ಲ ಮುಚ್ಚಿಕೊಂಡು ಸ್ನಾನ ಮಾಡುವುದು ಪ್ರಾಣಕ್ಕೇ ಎರವಾಗಬಹುದು. ಅಂಥ ಕಡೆ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿದರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು, ಆಸ್ಪತ್ರೆಗೆ ಕರೆದೊಯ್ಯಿರಿ.