ಬಹಿಷ್ಕಾರ ಯಾರ ಕೈಯಲ್ಲಿ?

ನಾನು ಹುಟ್ಟುವ ಮುಂಚಿನ ಮಾತು. ಜಾತ್ರೆಯಲ್ಲಿ ಇನ್ನು ಮುಂದೆ ತಮಟೆ ಬಡಿಯೋದಿಲ್ಲ ಅಂತ ನಮ್ಮ ಕೇರಿಯ ಹುಡುಗರು ಹೇಳಿಬಿಟ್ಟರು. ಮಾರನೇ ದಿನದಿಂದ ಅಂಗಡಿಯವನು ಉಪ್ಪು ಕೊಡಲಿಲ್ಲ, ಮಿಲ್ಲಿನವನು ರಾಗಿ ಬೀಸಲಿಲ್ಲ, ಕೂಲಿಗೆ ಯಾರೂ ಕರೆಯಲಿಲ್ಲ. ಸೀಮೆಎಣ್ಣೆಗೆ ಅವ್ವ ನಾಲ್ಕು ಮೈಲಿ ನಡೆದಳು. "ಕೈಯಲ್ಲಿ ದುಡ್ಡಿತ್ತು ಕಣಪ್ಪಾ, ಈಸ್ಕೊಳ್ಳೋರೇ ಇರಲಿಲ್ಲ" ಅಂತ ಇವತ್ತಿಗೂ ಹೇಳುತ್ತಾಳೆ. ಬಹಿಷ್ಕಾರ ಅನ್ನುವ ಪದ ನಾನು ಪುಸ್ತಕದಿಂದ ಕಲಿತದ್ದಲ್ಲ, ಅವ್ವನ ಈ ಮಾತಿನಿಂದ ಕಲಿತದ್ದು.

ಇದು ನಮ್ಮೂರೊಂದರ ಕತೆಯಲ್ಲ. ಧಾರವಾಡ, ಬೆಳಗಾವಿ, ಬಿಜಾಪುರಗಳನ್ನೂ ಒಳಗೊಂಡಿದ್ದ ಅಂದಿನ ಮುಂಬೈ ಪ್ರಾಂತ್ಯದ ಸರ್ಕಾರ 1928ರಲ್ಲಿ ಒಂದು ಸಮಿತಿ ನೇಮಿಸಿತ್ತು. ಡಾ. ಅಂಬೇಡ್ಕರ್ ಅದರ ಸದಸ್ಯರು. 1930ರ ಅದರ ವರದಿ ಹೇಳಿದ್ದೂ ಇದನ್ನೇ: ಅಸ್ಪೃಶ್ಯರು ಹಕ್ಕು ಕೇಳಿದಾಗಲೆಲ್ಲ ಸವರ್ಣರು ಹಿಡಿಯುವ ಎಲ್ಲ ಆಯುಧಗಳಲ್ಲಿ ಬಹಿಷ್ಕಾರವೇ ಅತಿ ಹರಿತವಾದದ್ದು. ಇಂಥ ಬಹಿಷ್ಕಾರ ಹಾಕುವುದನ್ನು ದೌರ್ಜನ್ಯ ತಡೆ ಕಾಯಿದೆಯ ಅಪರಾಧಗಳ ಪಟ್ಟಿಗೆ ನೇರವಾಗಿ ಸೇರಿಸಿದ್ದು 2015ರ ತಿದ್ದುಪಡಿ.

ಹಾಗಾದರೆ ತುಳಿಸಿಕೊಂಡವರು ಈ ಆಯುಧವನ್ನು ತಿರುಗಿಸಿ ಹಿಡಿಯಲು ಸಾಧ್ಯವೇ? ಹಿಡಿದವರಿದ್ದಾರೆ. ಅದಕ್ಕಾಗಿ ಅಮೆರಿಕದ ಕಪ್ಪು ಜನರ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು.

ಅಲ್ಲೂ ಬಹಿಷ್ಕಾರ ಮೊದಲು ಬಲಿಷ್ಠರ ಕೈಯಲ್ಲೇ ಇತ್ತು. 1954ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಣ್ಣಭೇದ ಕೂಡದು ಎಂದಿತು. ಮರುವರ್ಷ ದಕ್ಷಿಣ ಕ್ಯಾರೊಲಿನಾದ ಆರೆಂಜ್‌ಬರ್ಗ್ ಎಂಬ ಊರಿನಲ್ಲಿ, ನಮ್ಮ ಮಕ್ಕಳನ್ನೂ ಆ ಶಾಲೆಗೆ ಸೇರಿಸಿಕೊಳ್ಳಿ ಎಂಬ ಮನವಿಗೆ ಕಪ್ಪು ತಂದೆತಾಯಿಗಳು ಸಹಿ ಹಾಕಿದರು. ಬಿಳಿಯರ ಕೂಟ ಸಹಿ ಹಾಕಿದವರ ಬೆನ್ನು ಹತ್ತಿತು. ಕೆಲಸ ಹೋಯಿತು, ಸಾಲ ನಿಂತಿತು, ಅಂಗಡಿಗೆ ಸರಬರಾಜು ನಿಂತಿತು. ನಮ್ಮೂರೇ ಅಲ್ಲವೇ ಇದು? ಆದರೆ ಅಲ್ಲಿ ಕಪ್ಪು ಜನ ಎದ್ದು, "ನೀವು ಕೊಡದಿದ್ದರೆ ನಾವೂ ಕೊಳ್ಳುವುದಿಲ್ಲ" ಎಂದರು. ಬಿಳಿಯರ ಅಂಗಡಿಗಳಿಗೇ ತಿರುಗು ಬಹಿಷ್ಕಾರ ಹಾಕಿದರು.

ಆ ವಿದ್ಯೆ ಅವರಿಗೆ ಹೊಸದಾಗಿರಲಿಲ್ಲ. 1879ರಲ್ಲಿ ಫ್ರಾಂಕ್ ವೂಲ್‌ವರ್ತ್ ಎಂಬಾತ ಐದು ಸೆಂಟಿಗೆ ಸಾಮಾನು ಮಾರುವ ಅಂಗಡಿ ತೆರೆದ. ಅದೇ ಬೆಳೆದು ದೇಶದ ತುಂಬ ಒಂದೇ ಹೆಸರಿನ ಅಂಗಡಿಗಳ ಸರಪಳಿಯಾಯಿತು. ಚಿಕಾಗೋದ ಕಪ್ಪು ಬಡಾವಣೆಯ ವೂಲ್‌ವರ್ತ್ ಅಂಗಡಿಗಳಲ್ಲಿ ಕೊಳ್ಳುವವರು ಕಪ್ಪು ಜನ, ಮಾರುವವರು ಬಿಳಿಯರು. ದುಡಿಯಲು ಬಿಡದ ಕಡೆ ದುಡ್ಡು ಸುರಿಯಬೇಡಿ ಅಂತ 'ಚಿಕಾಗೋ ವಿಪ್' ಎಂಬ ಪುಟ್ಟ ಪತ್ರಿಕೆ 1929ರಲ್ಲಿ ಚಳವಳಿ ಹೂಡಿತು. ಬಾಗಿಲಲ್ಲಿ ಪಿಕೆಟಿಂಗ್ ನಡೆಯಿತು. 1930ರಲ್ಲಿ ವೂಲ್‌ವರ್ತ್ ಕಪ್ಪು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡಿತು. ವಾಷಿಂಗ್ಟನ್ನಿನಲ್ಲಿ ಇಂಥದೇ ಚಳವಳಿಯ ಮೇಲೆ ಕಿರಾಣಿ ಅಂಗಡಿಗಳ ಕಂಪನಿಯೊಂದು ಕೋರ್ಟಿಗೆ ಹೋದಾಗ, 1938ರಲ್ಲಿ ಸುಪ್ರೀಂ ಕೋರ್ಟು ಪಿಕೆಟಿಂಗ್ ಮಾಡುವವರ ಪರ ನಿಂತಿತು.

ಮೂವತ್ತು ವರ್ಷ ಕಳೆದು, ಅದೇ ವೂಲ್‌ವರ್ತ್ ಮತ್ತೆ ಬರುತ್ತದೆ.

1960ರ ಫೆಬ್ರವರಿ 1. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ. ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್ ಎಂಬ ನಾಲ್ವರು ಹುಡುಗರು ವೂಲ್‌ವರ್ತ್ ಅಂಗಡಿಗೆ ಹೊಕ್ಕರು. ಕಾಲೇಜಿನ ಮೊದಲ ವರ್ಷದವರು, ನಮ್ಮ ಹಾಸ್ಟೆಲ್ ಹುಡುಗರ ವಯಸ್ಸು. ಹಲ್ಲುಜ್ಜುವ ಪೇಸ್ಟು ಮುಂತಾದ ಚಿಲ್ಲರೆ ಸಾಮಾನು ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಅದೇ ಅಂಗಡಿಯೊಳಗಿನ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಅಲ್ಲಿ ಕಪ್ಪು ಜನ ಕೂರುವ ಹಾಗಿಲ್ಲ. ಪೇಸ್ಟು ಮಾರುವಾಗ ಮೈಲಿಗೆಯಾಗದ ನಮ್ಮ ದುಡ್ಡು ಕಾಫಿಗೆ ಬಂದಾಗ ಹೇಗೆ ಮೈಲಿಗೆಯಾಯಿತು? ಆ ರಸೀದಿ ಕೇಳಿದ್ದು ಇದೊಂದೇ ಪ್ರಶ್ನೆ. ಹೋಟೆಲಿನಲ್ಲಿ ಬೇರೆ ಲೋಟ ಕಂಡ ನಮಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೌಂಟರಿನ ಹಿಂದೆ ಕೆಲಸಕ್ಕಿದ್ದ ಕಪ್ಪು ಹೆಂಗಸೊಬ್ಬಳು ಈ ಹುಡುಗರನ್ನೇ ಬೈದಳಂತೆ. ಅವಳನ್ನು ನಾನು ತಪ್ಪು ಅನ್ನಲಾರೆ. ಹುಡುಗರು ಎದ್ದು ಹೋದ ಮೇಲೂ ಅವಳು ಅಲ್ಲೇ ದುಡಿದು ತಿನ್ನಬೇಕು.

ಕಾಫಿ ಬರಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಮಾರನೇ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು, ವಾರದೊಳಗೆ ನೂರಾರು. ಬೆನ್ನೆಟ್ ಕಾಲೇಜಿನ ಹೆಣ್ಣುಮಕ್ಕಳು ಜೊತೆಗೆ ಕೂತರು. ಮಾರ್ಚ್ ಮುಗಿಯುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಊರುಗಳಿಗೆ ಇದು ಹಬ್ಬಿತು. ಕಂಪನಿ ಏನು ಹೇಳಿತು ಗೊತ್ತೇ? ನಾವು ಆಯಾ ಊರಿನ ರೂಢಿಯಂತೆ ನಡೆಯುತ್ತೇವೆ ಎಂದಿತು. ರೂಢಿ! ಈ ಪದಕ್ಕೆ ಸಮುದ್ರ ದಾಟುವುದೂ ಗೊತ್ತು.

ಆದರೆ ಕಂಪನಿ ಒಂದನ್ನು ಮರೆತಿತ್ತು. ನಮ್ಮೂರ ಅಂಗಡಿಯವನಿಗೆ ನಮ್ಮೂರೊಂದೇ. ವೂಲ್‌ವರ್ತ್‌ಗೆ ದಕ್ಷಿಣದಲ್ಲೂ ಅಂಗಡಿ, ಉತ್ತರದಲ್ಲೂ ಅಂಗಡಿ. ಗ್ರೀನ್ಸ್‌ಬರೊದಲ್ಲಿ ಮಾಡಿದ ಅವಮಾನಕ್ಕೆ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಉತ್ತರ ಕೊಡಬೇಕಾಯಿತು. ಅಲ್ಲಿಯ ಅಂಗಡಿಯ ಮುಂದೆ ಜನ ಫಲಕ ಹಿಡಿದು ನಿಂತರು. ಸರಪಳಿಯ ಒಂದು ಕೊಂಡಿ ಜಗ್ಗಿದರೆ ಇಡೀ ಸರಪಳಿ ಸದ್ದು ಮಾಡುತ್ತದೆ. ಗ್ರೀನ್ಸ್‌ಬರೊದಲ್ಲಂತೂ ಕಪ್ಪು ಜನ ಆ ಅಂಗಡಿಯಲ್ಲಿ ಕೊಳ್ಳುವುದನ್ನೇ ಬಿಟ್ಟರು. ಬೇಸಿಗೆ ರಜೆಗೆ ಕಾಲೇಜಿನವರು ಊರಿಗೆ ಹೋದಾಗ ಹೈಸ್ಕೂಲಿನ ಮಕ್ಕಳು ಚಳವಳಿ ಮುಂದುವರಿಸಿದರು. ಅಂಗಡಿಗೆ ಸುಮಾರು 2 ಲಕ್ಷ ಡಾಲರ್ ನಷ್ಟವಾಯಿತು.

ಜುಲೈ 25ರಂದು ಅಂಗಡಿ ಮಣಿಯಿತು. ಆ ಕೌಂಟರಿನಲ್ಲಿ ಮೊದಲು ಕೂತು ಉಂಡ ಕಪ್ಪು ಜನ ಯಾರು? ಆ ನಾಲ್ವರಲ್ಲ. ಅಂಗಡಿಯ ಕಪ್ಪು ಕೆಲಸಗಾರರು. ಸಮವಸ್ತ್ರ ಬಿಚ್ಚಿಟ್ಟು, ಮನೆಯ ಬಟ್ಟೆ ತೊಟ್ಟು ಬಂದು ಕೂರಿ ಅಂದರು ಅವರಿಗೆ. ದಿನಾ ಬೇಯಿಸಿ ಬಡಿಸಿದವರು ಆ ದಿನ ಗಿರಾಕಿಗಳಾಗಿ ಕೂತರು. ಇದನ್ನು ಓದಿದಾಗ ಬೇರೆಯವರ ಮದುವೆ ಮನೆಯಲ್ಲಿ ಪಾತ್ರೆ ತಿಕ್ಕಿ, ಕೊನೆಗೆ ಹಿತ್ತಿಲಲ್ಲಿ ಉಂಡು ಬರುತ್ತಿದ್ದ ಅವ್ವನ ಕೈ ನನ್ನ ಕಣ್ಣಿಗೆ ಬಂತು.

ಇಲ್ಲಿಗೆ ಕತೆ ಮುಗಿಸಿದರೆ ಚಂದ. ಆದರೆ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. ಬಹಿಷ್ಕಾರಕ್ಕೆ ತನ್ನದೇ ಪಕ್ಷ ಇಲ್ಲ, ಹಿಡಿದವರ ಪಕ್ಷವೇ ಅದರದು. ಟಾರ್ಗೆಟ್ ಎಂಬ ಇಂದಿನ ದೊಡ್ಡ ಸರಪಳಿ ಅಂಗಡಿಯನ್ನೇ ನೋಡಿ. ತಮಗಿಷ್ಟವಾದ ಶೌಚಾಲಯ ಬಳಸಲು ಲಿಂಗಪರಿವರ್ತಿತರಿಗೆ ಅವಕಾಶ ಕೊಟ್ಟಿತೆಂದು 2016ರಲ್ಲಿ, ಸಲಿಂಗಿಗಳ ಹಬ್ಬದ ಸಾಮಾನು ಇಟ್ಟಿತೆಂದು 2023ರಲ್ಲಿ ಸಂಪ್ರದಾಯಸ್ಥರು ಅದಕ್ಕೆ ಬಹಿಷ್ಕಾರ ಹಾಕಿದರು. 2023ರಲ್ಲಿ ಕಂಪನಿ ಕೆಲವು ಸಾಮಾನನ್ನು ತೆಗೆದೇಬಿಟ್ಟಿತು. ಅದರ ಮುಖ್ಯ ಕಚೇರಿ ಮಿನಿಯಾಪೊಲಿಸ್‌ನಲ್ಲಿದೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸನೊಬ್ಬ ಕೊಂದದ್ದು ಅದೇ ಊರಿನಲ್ಲಿ. ದೇಶವೇ ಬೀದಿಗಿಳಿದಾಗ ಕಂಪನಿ ಕಪ್ಪು ಜನರಿಗೆ ದೊಡ್ಡ ಭರವಸೆಗಳನ್ನು ಕೊಟ್ಟಿತು. 2025ರ ಜನವರಿಯಲ್ಲಿ, ಗಾಳಿ ತಿರುಗಿದ ಕೂಡಲೇ, ಆ ಗುರಿಗಳನ್ನು ನಿಲ್ಲಿಸುತ್ತೇವೆ ಎಂದಿತು. ಫೆಬ್ರವರಿಯಿಂದ ಕಪ್ಪು ಹೋರಾಟಗಾರರು, ಮಾರ್ಚಿನಿಂದ ಅವರ ಚರ್ಚುಗಳು 'ಟಾರ್ಗೆಟ್ ಉಪವಾಸ' ಹಿಡಿದವು. ವರ್ಷದ ಮೊದಲ ಮೂರು ತಿಂಗಳ ಲೆಕ್ಕದಲ್ಲಿ ಮಾರಾಟ ಶೇ. 2.8 ಇಳಿದಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಜನರ ಸಿಟ್ಟೂ ಒಂದು ಕಾರಣ ಅಂತ ಕಂಪನಿಯೇ ಒಪ್ಪಿತು.

ನನಗನ್ನಿಸುವುದು ಇಷ್ಟು. ಗಲ್ಲಾಪೆಟ್ಟಿಗೆಗೆ ಕಿವಿ ಇದೆ, ನೆನಪಿಲ್ಲ. ನಷ್ಟಕ್ಕೆ ಹೆದರಿ ಕೊಟ್ಟದ್ದನ್ನು ನಾಳೆ ಇನ್ನೊಬ್ಬರು ನಷ್ಟದ ಹೆದರಿಕೆ ತೋರಿಸಿ ಕಿತ್ತುಕೊಳ್ಳುತ್ತಾರೆ. ಗ್ರೀನ್ಸ್‌ಬರೊದ ಗೆಲುವು ಉಳಿದದ್ದು ವೂಲ್‌ವರ್ತ್‌ನ ಒಳ್ಳೆಯತನದಿಂದಲ್ಲ. ಹೋರಾಟ ಅಲ್ಲಿಗೆ ನಿಲ್ಲದೆ 1964ರ ನಾಗರಿಕ ಹಕ್ಕುಗಳ ಕಾಯಿದೆಯವರೆಗೂ ನಡೆದು, ಊಟದ ಕೌಂಟರನ್ನು ಕಾನೂನಿಗೆ ಕಟ್ಟಿಹಾಕಿದ್ದರಿಂದ. ವೂಲ್‌ವರ್ತ್ 1997ರಲ್ಲಿ ಅಮೆರಿಕದ ತನ್ನ ಈ ಅಂಗಡಿಗಳನ್ನೆಲ್ಲ ಮುಚ್ಚುವುದಾಗಿ ಸಾರಿತು. ಕಾನೂನು ಉಳಿದಿದೆ. ಗ್ರೀನ್ಸ್‌ಬರೊದ ಆ ಅಂಗಡಿ 2010ರಿಂದ ಮ್ಯೂಸಿಯಂ.

ಗೆಳೆಯರೇ, ಬಹಿಷ್ಕಾರದ ಕರೆ ಕೊಡುವ ಮುಂಚೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಆ ಗಲ್ಲಾದಲ್ಲಿ ನಮ್ಮ ದುಡ್ಡು ಎಷ್ಟಿದೆ? ನಮ್ಮ ಊರಿನಾಚೆ ಅದರ ಇನ್ನೊಂದು ಬಾಗಿಲಲ್ಲಿ ನಮಗಾಗಿ ನಿಲ್ಲುವವರು ಯಾರು? ಒಳಗೆ ದುಡಿಯುವ ನಮ್ಮ ಹೆಂಗಸಿನ ಕೆಲಸ ಹೋದರೆ ಅವಳ ಮನೆಯ ಒಲೆ ಉರಿಸುವವರು ಯಾರು? ಅವರು ಮಣಿದ ದಿನ ಅದನ್ನು ಎಲ್ಲಿ ಬರೆಸಿಕೊಳ್ಳುತ್ತೇವೆ?

ಅವತ್ತು ನಮ್ಮ ಕೇರಿಯಲ್ಲಿ ಈ ಯಾವ ಪ್ರಶ್ನೆಗೂ ಉತ್ತರ ಇರಲಿಲ್ಲ. ಎರಡು ತಿಂಗಳಿಗೆ ತಮಟೆ ಮತ್ತೆ ಜಾತ್ರೆಗೆ ಹೋಯಿತು. ಹುಡುಗರು ಹೇಡಿಗಳಾಗಿದ್ದರೆಂದಲ್ಲ. ಪಕ್ಕದೂರಿನ ಕೇರಿಗೆ ಸುದ್ದಿಯೇ ಮುಟ್ಟಿರಲಿಲ್ಲ.