ಹೊಸ್ಪೆಟ್ ಚರ್ಚು ಉಳಿದ ಬಗೆ

ಪುಂಜಾಲಕಟ್ಟೆಯಲ್ಲಿ ನಿಂತವನಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಹತ್ತಿರ. ಈ ಸೀಮೆಯ ಕ್ರೈಸ್ತರ ಚರಿತ್ರೆಯನ್ನು ಬೋಧಿಸುವಾಗ ನಾವು 1784ರಲ್ಲಿ ದೀರ್ಘವಾಗಿ ತಂಗುತ್ತೇವೆ. ಆ ವರ್ಷ ಬೂದಿ ಬುಧವಾರದಂದು, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಚರ್ಚುಗಳು ನೆಲಸಮವಾದವು. ಉಳಿದವರಿಗೆ ಬಿಡುಗಡೆ ದೊರೆತದ್ದು 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ.

ಇದೇ ಕಥನದೊಳಗೆ, ಸಮುದಾಯದ ಚರಿತ್ರೆಕಾರರು ಒಂದೇ ಸಾಲಿನಲ್ಲಿ ದಾಟಿಹೋಗುವ ಸಂಗತಿಯೊಂದಿದೆ. ಮೂಡುಬಿದಿರೆ ಬಳಿಯ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ಚರ್ಚನ್ನು ಕೆಡವಲಿಲ್ಲ. ಚೌಟ ಅರಸನ ಮಧ್ಯಸ್ಥಿಕೆಯಿಂದ ಅದು ಉಳಿಯಿತು.

ಆ ಸಾಲು ನಿಧಾನವಾದ ಓದನ್ನು ಬೇಡುತ್ತದೆ. ಚೌಟರು ಜೈನರು, ಉಳ್ಳಾಲದ ಅಬ್ಬಕ್ಕನ ವಂಶಸ್ಥರು. ಮುಸ್ಲಿಂ ದೊರೆಯ ಮುಂದೆ ಕ್ರೈಸ್ತರ ಪರವಾಗಿ ಮಾತಾಡಲು ಅವರನ್ನು ಯಾವ ಸಮಾನ ಸಿದ್ಧಾಂತವೂ ಪ್ರೇರಿಸಿರಲಾರದು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದ ಮೇಲೆ ತುಳುನಾಡಿನ ಅರಸುಮನೆತನಗಳ ಬಲವೂ ಕುಂದಿತ್ತು. ಅರಸನ ಬಳಿ ಇದ್ದದ್ದು ಎರಡೇ ಎಂದು ನನ್ನ ಅಭಿಪ್ರಾಯ: ತನ್ನ ಸೀಮೆಯ ಕ್ರೈಸ್ತರ ಪರಿಚಯ ಮತ್ತು ಸುಲ್ತಾನನೊಡನೆ ಮುರಿಯದೆ ಉಳಿಸಿಕೊಂಡ ಮಾತು. ಎರಡೂ ಆಪತ್ತಿನ ದಿನ ಹುಟ್ಟುವಂಥವಲ್ಲ. ಸುಲ್ತಾನನೂ ಕೇಳಿಸಿಕೊಂಡನೆಂಬುದನ್ನು ಮರೆಯಬಾರದು. ನಮ್ಮ ಪ್ರವಚನಗಳಲ್ಲಿ ಅದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

1964ರ ವಿಶ್ವಪರಿಪತ್ರ ‘ಎಕ್ಲೇಸಿಯಾಮ್ ಸುವಾಮ್’ನಲ್ಲಿ ಆರನೆಯ ಪೌಲರು ಸಂವಾದಕ್ಕೆ ನಾಲ್ಕು ಗುಣಗಳನ್ನು ಹೇಳುತ್ತಾರೆ: ಸ್ಪಷ್ಟತೆ, ಸೌಮ್ಯತೆ, ವಿಶ್ವಾಸ, ವಿವೇಕ. ವಿವೇಕವೆಂದರೆ ಕೇಳುವವನ ಸ್ಥಿತಿಯನ್ನು ಅರಿತು ಮಾತಾಡುವುದು. ವಿಶ್ವಾಸವಾದರೋ ಎದುರಿನವನ ಸದ್ಭಾವದ ಮೇಲೂ ಇಡಬೇಕಾದದ್ದು, ಕಠಿನವಾದದ್ದು ಇದೇ.

ಆ ಪತ್ರಕ್ಕೆ ಮೂರು ದಶಕ ಮೊದಲೇ, 1933ರಲ್ಲಿ, ಬೆಳ್ತಂಗಡಿ ಸೀಮೆಯ ಧರ್ಮಸ್ಥಳದಲ್ಲಿ ಮಂಜಯ್ಯ ಹೆಗ್ಗಡೆಯವರು ಲಕ್ಷದೀಪೋತ್ಸವದ ಜೊತೆಗೆ ಸರ್ವಧರ್ಮ ಸಮ್ಮೇಳನವನ್ನು ಆರಂಭಿಸಿದರು. ಶಿವನ ಕ್ಷೇತ್ರ, ವೈಷ್ಣವ ಅರ್ಚಕರು, ಜೈನ ಧರ್ಮಾಧಿಕಾರಿ: ಭಿನ್ನತೆಯೊಡನೆ ದಿನನಿತ್ಯ ಬಾಳಿದ ನೆಲೆಯಲ್ಲಿಯೇ ಆ ವೇದಿಕೆ ಎದ್ದಿತು. ವೇದಿಕೆಯ ಮೇಲೆ ಭಿನ್ನಾಭಿಪ್ರಾಯಕ್ಕೆ ಅವಕಾಶ ಕಡಿಮೆ, ಅಲ್ಲಿ ಎಲ್ಲರೂ ತಮ್ಮ ಧರ್ಮದ ಸಾರವನ್ನೇ ಹೇಳುತ್ತಾರೆ, ನಿಜ. ಆದರೂ ಪರಧರ್ಮದವನ ಮಾತನ್ನು ಅವನ ಬಾಯಿಂದಲೇ ಕೇಳುವ ಅಭ್ಯಾಸವನ್ನು ಅದು ಒಂಬತ್ತು ದಶಕಗಳಿಂದ ಕಾಪಾಡಿದೆ.

ಇಂದು ನಮ್ಮ ಜಿಲ್ಲೆಯಲ್ಲಿ ಧರ್ಮಗುರುಗಳು ಒಟ್ಟಾಗುವುದು ಬಹುಪಾಲು ಗಲಭೆಯ ಮರುದಿನ, ಠಾಣೆಯಲ್ಲಿ ಕರೆದ ಶಾಂತಿಸಭೆಯಲ್ಲಿ. ಅಂಥದೊಂದು ಸಭೆಯಲ್ಲಿ ನನ್ನ ಪಕ್ಕ ಕುಳಿತ ಮಸೀದಿಯ ಖತೀಬರ ಹೆಸರನ್ನು ನಾನು ಅಂದೇ ಮೊದಲು ಕೇಳಿದೆ. ನಾನಿದ್ದ ಧರ್ಮಕೇಂದ್ರಕ್ಕೂ ಅವರ ಮಸೀದಿಗೂ ನಡುವೆ ಇದ್ದದ್ದು ಒಂದು ಗದ್ದೆ ಮತ್ತು ಒಂದು ತೋಡು. ನಾನು ಅಲ್ಲಿಗೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು.