ಕವಿ ಮುಂದೆ, ವ್ಯಾಕರಣ ಹಿಂದೆ

ವ್ಯಾಕರಣವು ಕವಿಯ ಕಾಲಿಗೆ ತೊಡಿಸಿದ ಸಂಕೋಲೆಯೆಂಬ ಭಾವನೆ ಹೊಸದಾಗಿ ಬರೆಯತೊಡಗಿದವರಲ್ಲಿ ಸಾಮಾನ್ಯವಾಗಿದೆ. ಅಧ್ಯಾಪಕನಾಗಿದ್ದಷ್ಟು ಕಾಲವೂ ನಾನು ಈ ಮಾತನ್ನು ಕೇಳಿದ್ದೇನೆ. ಇದಕ್ಕೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ನಮ್ಮ ಸಾಹಿತ್ಯದ ಚರಿತ್ರೆಯಲ್ಲಿ ಹುಡುಕುವುದು ಮೇಲು.

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ ಕಾವ್ಯರಚನೆಯ ವಿಧಾನವನ್ನು ಕುರಿತದ್ದು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸಿದರೂ, ಕನ್ನಡದ ವಿಷಯ ಬಂದಾಗ ಕಿವಿಯನ್ನೇ ನಂಬುತ್ತದೆ. ಸಂಸ್ಕೃತ ಶಬ್ದಕ್ಕೂ ಕನ್ನಡ ಶಬ್ದಕ್ಕೂ ವಿವೇಕವಿಲ್ಲದೆ ಸಮಾಸ ಕಟ್ಟಿದರೆ, ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುವುದೆಂದು ಎಚ್ಚರಿಸುತ್ತದೆ.

ಅದಾಗಿ ಸುಮಾರು 400 ವರ್ಷಗಳ ಮೇಲೆ, ಕ್ರಿ.ಶ. 1260ರ ಸುಮಾರಿಗೆ, ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ಬರೆದನು. ಆತ ಕವಿಗಳ ಮನೆತನದವನು. ತಂದೆ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ದ ಸಂಕಲನಕಾರ, ಸೋದರಮಾವ ಜನ್ನ. ಹಿಂದಿನ ನಾಗವರ್ಮನು 'ಕರ್ಣಾಟಕ ಭಾಷಾಭೂಷಣ'ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ್ದರೆ, ಕೇಶಿರಾಜನು ಸೂತ್ರಗಳನ್ನು ಕನ್ನಡದ ಕಂದಪದ್ಯಗಳಲ್ಲಿಯೇ ಹೇಳಿ, ತಾನೇ ವೃತ್ತಿಯನ್ನೂ ಬರೆದು, ಪೂರ್ವಕವಿಗಳ ಪ್ರಯೋಗಗಳನ್ನು ಸಾಕ್ಷಿಗೆ ಕರೆದನು.

ಒಂದು ನಿದರ್ಶನವನ್ನು ನೋಡಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಛಂದಸ್ಸಿನ ಸಾಮಾನ್ಯ ನಿಯಮ. ಆ ಲೆಕ್ಕದಲ್ಲಿ 'ಅಮರ್ದು' ಎಂಬ ಶಬ್ದಕ್ಕೆ 4 ಮಾತ್ರೆ. ಹಳಗನ್ನಡ ಕವಿಗಳಾದರೋ ಅದನ್ನು ತೇಲಿಸಿ ಉಚ್ಚರಿಸಿ 3 ಮಾತ್ರೆಯಲ್ಲಿಯೂ ಬಳಸಿದರು. ಕೇಶಿರಾಜನು ಅದನ್ನು ತಪ್ಪೆನ್ನಲಿಲ್ಲ. ಶಿಥಿಲದ್ವಿತ್ವವೆಂದು ಶಾಸ್ತ್ರದೊಳಕ್ಕೆ ಸೇರಿಸಿಕೊಂಡನು. ಕವಿಯ ಕಿವಿ ಮುಂದೆ ಹೋಯಿತು, ಸೂತ್ರ ಹಿಂಬಾಲಿಸಿತು.

ಹಾಗೆಂದು ಆತ ಕಾಲ ಕೊಂಡೊಯ್ದ ಕಡೆಗೆಲ್ಲ ಸಾಗಿದವನಲ್ಲ. ಆಗ ೞಕಾರವು ಜನರ ನಾಲಗೆಯಿಂದ ಮರೆಯಾಗುತ್ತಿತ್ತು. ಅವನಿಗಿಂತ ಮೊದಲೇ ಹರಿಹರನು ಳ-ೞಗಳ ಭೇದವನ್ನು ಕೈಬಿಟ್ಟಿದ್ದನು. ಕೇಶಿರಾಜನು ೞಕಾರದ ಶಬ್ದಗಳನ್ನು ಪಟ್ಟಿಮಾಡಿಟ್ಟನು. ಇಬ್ಬರಲ್ಲಿ ಸರಿ ಯಾರು? ನಾನು ಇಬ್ಬರಿಗೂ ಋಣಿ. ಆಡುಮಾತಿಗೆ ಕಿವಿಗೊಟ್ಟುದರಿಂದ ಹರಿಹರನ ರಗಳೆಗಳಿಗೆ ಆ ಓಟ ಬಂದಿತು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ ಎಂಬ ವಿವೇಕ ಉಳಿದುದಕ್ಕೆ ಕೇಶಿರಾಜನಂಥವರು ಕಾರಣ. ಆ ವಿವೇಕವಿಲ್ಲದೆ ಪಂಪನನ್ನು ಓದುವುದು ಹೇಗೆ?

ಇನ್ನೂ ಒಂದು ಉಪಕಾರವಿದೆ. ತನಗೆ ಪ್ರಮಾಣರಾದ ಕವಿಗಳನ್ನು ಹೆಸರಿಸುವಾಗ ಆತ ಗಜಗ, ಅಸಗರನ್ನೂ ಸ್ಮರಿಸುತ್ತಾನೆ. ಅವರ ಕನ್ನಡ ಕಾವ್ಯ ಒಂದೂ ನಮ್ಮ ಕೈಗೆ ಬಂದಿಲ್ಲ. ಮೂಲಗ್ರಂಥ ಕಳೆದುಹೋದರೂ ಉದಾಹರಣೆಯಾಗಿ ಮಾತ್ರ ಉಳಿದ ಪದ್ಯಗಳು ನಮ್ಮ ಲಕ್ಷಣಗ್ರಂಥಗಳಲ್ಲಿ ಹಲವಾರಿವೆ. ಸಂಕೋಲೆಯೆಂದು ನಾವು ದೂರುವ ಶಾಸ್ತ್ರವೇ ಕಾವ್ಯಕ್ಕೆ ಕಣಜವಾಯಿತು. 1872ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ಈ ಗ್ರಂಥವನ್ನು ಸಂಪಾದಿಸಿ ಅಚ್ಚುಹಾಕಿಸಿದ್ದು ನಮ್ಮ ಭಾಗ್ಯ.

ಬರೆಯಲೆಳಸುವ ತರುಣರಲ್ಲಿ ನನ್ನ ವಿನಂತಿ ಇಷ್ಟೆ: ನಿಯಮವನ್ನು ಮೀರಬೇಕೆನಿಸಿದರೆ ಧಾರಾಳವಾಗಿ ಮೀರಿರಿ, ಆದರೆ ಯಾವುದನ್ನು, ಏತಕ್ಕಾಗಿ ಮೀರುತ್ತಿದ್ದೇವೆಂದು ಹರಿಹರನಂತೆ ತಿಳಿದು ಮೀರಿರಿ. ಅದಕ್ಕೆ ಮೊದಲು ಕೇಶಿರಾಜನನ್ನು ಒಮ್ಮೆ ಗಟ್ಟಿಯಾಗಿ ಓದಿ, ಕಿವಿಯಿಂದ ಕೇಳಿರಿ.